ಹೊಟ್ಟೆಯ ಹಳೇ ಹೊಲಿಗೆ ಉಬ್ಬಿದರೆ ಯಾವ ಜಾಲರಿ ಹಾಕಿಸಬೇಕು?



ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ಹೊಟ್ಟೆಯ ಮೇಲಿನ ಉಬ್ಬು ತೋರಿಸಲು ಸರ್ಜನ್ ಹತ್ತಿರ ಹೋದರೆ ಅವರು ಮೊದಲು ಹೇಳುವ ಮಾತು "ದಗ್ಗಂಡಿ". ಗಾಬರಿಯಾಗಬೇಡಿ, "ಕೆಮ್ಮಿ" ಅಂತ ಅರ್ಥ. ಕೆಮ್ಮಿದಾಗ ಹಳೇ ಆಪರೇಷನ್ನಿನ ಗುರುತಿನ ಹತ್ತಿರ ಗಂಟು ಹೊರಗೆ ಬಂದು, ಅಂಗಾತ ಮಲಗಿದಾಗ ಒಳಗೆ ಹೋದರೆ ಅದು ಬಹುಮಟ್ಟಿಗೆ ಹರ್ನಿಯಾ. ಹಳೇ ಹೊಲಿಗೆಯ ಜಾಗದಲ್ಲೇ ಆಗುವುದರಿಂದ ವೈದ್ಯರು ಇದನ್ನು ಇನ್ಸಿಷನಲ್ ಹರ್ನಿಯಾ ಎನ್ನುತ್ತಾರೆ. ನಮ್ಮ ಹಿರಿಯರು "ಕರುಳು ಜಾರಿದೆ" ಎನ್ನುತ್ತಿದ್ದರಲ್ಲ, ಆ ಗುಂಪಿಗೇ ಸೇರಿದ್ದು.

ಪರೀಕ್ಷೆ ಮುಗಿದ ಮೇಲೆ ಎರಡನೇ ಮಾತು ಬರುತ್ತದೆ: "ಮೆಶ್ ಹಾಕಬೇಕು." ಆಮೇಲೆ ಬಿಲ್ಲಿಂಗ್ ಕೌಂಟರಿನಲ್ಲಿ ಮೂರು ಬೆಲೆ ಹೇಳುತ್ತಾರೆ. ಸಾಧಾರಣದ್ದು ಒಂದು, ಹಗುರದ್ದು ಒಂದು, "ಡಬಲ್ ಲೇಯರ್" ಇನ್ನೊಂದು. ಅಮ್ಮನ ಆಪರೇಷನ್ ಅಂದಮೇಲೆ ಕಡಿಮೆ ಬೆಲೆಯದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಸಾಲ ಮಾಡಿಯಾದರೂ ದುಬಾರಿಯದನ್ನೇ ಹಾಕಿಸಿ ಎನ್ನುತ್ತೇವೆ. ಆದರೆ ಹರ್ನಿಯಾ ಜಾಲರಿಯ ವಿಷಯದಲ್ಲಿ ದುಬಾರಿ ಅಂದರೆ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ. ಹೊಟ್ಟೆಯ ಯಾವ ಪದರದಲ್ಲಿ ಅದು ಕೂರುತ್ತದೆ ಎಂಬುದರ ಮೇಲೆ ಯಾವ ಜಾಲರಿ ಎಂಬುದು ನಿರ್ಧಾರವಾಗುತ್ತದೆ. ಹೇಗೆ ಅಂತ ನೋಡೋಣ.

ಹೊಲಿಗೆ ಹಾಕಿದ್ದು ಯಾಕೆ ಬಿಡುತ್ತದೆ?

ಹೊಟ್ಟೆಯ ಗೋಡೆ ಎಂದರೆ ಚರ್ಮ, ಕೊಬ್ಬು, ಸ್ನಾಯು, ಸ್ನಾಯುವಿನ ಗಟ್ಟಿ ಪೊರೆ, ಎಲ್ಲಕ್ಕಿಂತ ಒಳಗೆ ಕರುಳಿಗೆ ತಾಗುವ ತೆಳು ಪೊರೆ. ಆಪರೇಷನ್ನಿಗೆ ಕೊಯ್ದು ಹೊಲಿದ ಮೇಲೆ ಚರ್ಮ ಬೇಗ ಕೂಡಿಕೊಳ್ಳುತ್ತದೆ. ಒಳಗಿನ ಗಟ್ಟಿ ಪೊರೆಗೆ ತಿಂಗಳುಗಳೇ ಬೇಕು, ಆಮೇಲೂ ಅದು ಮೊದಲಿನ ಪೂರ್ತಿ ಬಲಕ್ಕೆ ಬರುವುದಿಲ್ಲ. ವಿಜಯವಾಡದವರು ಪ್ರಕಾಶಂ ಬ್ಯಾರೇಜನ್ನು ನೆನಪಿಸಿಕೊಳ್ಳಿ. ಕೃಷ್ಣೆಯ ನೀರು ಇಡೀ ಕಟ್ಟೆಯನ್ನು ಒತ್ತುತ್ತದೆ, ಆದರೆ ಬಿರುಕು ಬಿಡುವುದು ದುರ್ಬಲವಾದ ಜಾಗದಲ್ಲಿ. ಕೆಮ್ಮು, ಮಲಬದ್ಧತೆಯ ಮುಕ್ಕುವಿಕೆ, ಭಾರ ಎತ್ತುವುದು, ದಪ್ಪ ಹೊಟ್ಟೆ, ಇವೆಲ್ಲ ಒಳಗಿನ ಒತ್ತಡ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅಪೌಷ್ಟಿಕತೆ ಮತ್ತು ಮೊದಲ ಆಪರೇಷನ್ನಿನಲ್ಲಿ ಗಾಯ ಕೀವಾಗಿದ್ದರೆ ಆ ಸೋಂಕು ಹೊಲಿಗೆಯ ಬಲ ಕುಗ್ಗಿಸುತ್ತವೆ. ಹೊಟ್ಟೆಯ ನಟ್ಟನಡುವೆ ಉದ್ದಕ್ಕೆ ಕೊಯ್ದವರಲ್ಲಿ ಸುಮಾರು 100ಕ್ಕೆ 10ರಿಂದ 20 ಮಂದಿಗೆ ಮುಂದೆ ಇಂಥ ಹರ್ನಿಯಾ ಬರುತ್ತದೆ. ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಕೊಯ್ಯುವ ಈಗಿನ ಸಿಸೇರಿಯನ್ನಿನಲ್ಲಿ ಈ ಅಪಾಯ ಬಹಳ ಕಡಿಮೆ.

ಮತ್ತೆ ಹೊಲಿದರೆ ಸಾಲದೇ?

ಮೊದಲು ಹಾಗೇ ಮಾಡುತ್ತಿದ್ದರು. ನೆದರ್ಲೆಂಡ್ಸ್‌ನ ಸರ್ಜನ್‌ಗಳು ಇಂಥ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರೀ ಹೊಲಿಗೆ, ಇನ್ನೊಂದಕ್ಕೆ ಜಾಲರಿ ಹಾಕಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. 3 ವರ್ಷದೊಳಗೆ ಹರ್ನಿಯಾ ಮರಳಿದ್ದು ಹೊಲಿಗೆಯ ಗುಂಪಿನಲ್ಲಿ ಶೇ. 43, ಜಾಲರಿಯ ಗುಂಪಿನಲ್ಲಿ ಶೇ. 24. ಅದೇ ರೋಗಿಗಳ 10 ವರ್ಷದ ಲೆಕ್ಕ 2004ರಲ್ಲಿ ಬಂದಾಗ ಅದು ಶೇ. 63 ಮತ್ತು ಶೇ. 32 ಆಗಿತ್ತು. ಈ ಅಂಕಿಗಳಿಂದ ಎರಡು ವಿಷಯ ತಿಳಿಯುತ್ತದೆ. ಜಾಲರಿ ಹಾಕಿದರೆ ಮರುಕಳಿಸುವುದು ಅರ್ಧದಷ್ಟಾಗುತ್ತದೆ. ಆದರೆ ಜಾಲರಿ ಹಾಕಿದ ಮಾತ್ರಕ್ಕೆ ಜೀವನಪೂರ್ತಿ ಗ್ಯಾರಂಟಿ ಇಲ್ಲ.

ಜಾಲರಿ ಯಾವುದರಿಂದ ಮಾಡಿರುತ್ತಾರೆ?

1958ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಫ್ರಾನ್ಸಿಸ್ ಅಷರ್ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿಯನ್ನು ಹರ್ನಿಯಾಕ್ಕೆ ಬಳಸಿದ ಬಗ್ಗೆ ಬರೆದರು. 1960ರ ದಶಕದ ಆರಂಭದಲ್ಲಿ ಅವರೇ ಪಾಲಿಪ್ರೊಪಿಲೀನ್ ಎಳೆಯಿಂದ ಹೆಣೆದ ಜಾಲರಿಗೆ ಬಂದರು. ಅಂದಿನಿಂದ ಇಂದಿನವರೆಗೂ ಹೆಚ್ಚು ಬಳಕೆಯಲ್ಲಿರುವುದು ಅದೇ. ಒಂದೊಂದಾಗಿ ನೋಡಿ:

ಪಾಲಿಪ್ರೊಪಿಲೀನ್: ಗಟ್ಟಿ, ಅಗ್ಗ, ಕರಗುವುದಿಲ್ಲ. ಇದರ ಕಣ್ಣುಗಳೊಳಗೆ ದೇಹದ ಹೊಸ ಅಂಗಾಂಶ ಬೆಳೆದು ಜಾಲರಿ ಗೋಡೆಯ ಭಾಗವೇ ಆಗಿಬಿಡುತ್ತದೆ. ಅದು ಒಳ್ಳೆಯದು. ಆದರೆ ಕರುಳಿಗೆ ನೇರ ತಾಗಿದರೆ ಕರುಳೂ ಹಾಗೇ ಅಂಟಿಕೊಳ್ಳುತ್ತದೆ. ಮುಂದೆ ಕರುಳಿಗೆ ತೂತು ಬಿದ್ದ ಉದಾಹರಣೆಗಳೂ ಇವೆ.

ಪಾಲಿಯೆಸ್ಟರ್: ಮೆತ್ತಗೆ, ಹೊಟ್ಟೆಯ ಆಕಾರಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಹೆಚ್ಚು ಬಳಕೆಗೆ ಬಂದದ್ದು. ಹಲವು ಎಳೆ ಹೊಸೆದ ದಾರದ್ದಾದರೆ ಎಳೆಗಳ ಸಂದಿಯಲ್ಲಿ ರೋಗಾಣು ಅಡಗಲು ಜಾಗವಿರುತ್ತದೆ.

ಪಿಟಿಎಫ್‌ಇ: ನಾನ್‌ಸ್ಟಿಕ್ ತವಾದ ಮೇಲಿನ ಲೇಪದ ಜಾತಿಯ ವಸ್ತು. ಕರುಳು ಇದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ ಅದೇ ಗುಣದಿಂದ ಹೊಟ್ಟೆಯ ಗೋಡೆಗೂ ಸರಿಯಾಗಿ ಬೆಸೆಯುವುದಿಲ್ಲ. ಸೋಂಕಾದರೆ ಸಾಮಾನ್ಯವಾಗಿ ತೆಗೆದೇ ಹಾಕಬೇಕಾಗುತ್ತದೆ.

ಕಾಂಪೋಸಿಟ್: ಕೌಂಟರಿನವರು "ಡಬಲ್ ಲೇಯರ್" ಎನ್ನುವುದು ಇದನ್ನೇ. ಒಂದು ಮುಖ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್, ಗೋಡೆಗೆ ಬೆಸೆಯಲು. ಇನ್ನೊಂದು ಮುಖಕ್ಕೆ ಕರುಳು ಅಂಟದಂತೆ ಕೊಲಾಜೆನ್, ಸೆಲ್ಯುಲೋಸ್ ಮೊದಲಾದ ಲೇಪ. ಈ ಲೇಪ ಕೆಲವು ವಾರಗಳಲ್ಲಿ ಕರಗುತ್ತದೆ, ಅಷ್ಟರಲ್ಲಿ ದೇಹ ತನ್ನದೇ ಪೊರೆ ಬೆಳೆಸಿಕೊಂಡಿರುತ್ತದೆ.

ಜೈವಿಕ ಜಾಲರಿ: ಹಂದಿಯ ಚರ್ಮ ಅಥವಾ ದಾನವಾಗಿ ಬಂದ ಮನುಷ್ಯ ಚರ್ಮದಿಂದ ಜೀವಕೋಶಗಳನ್ನು ತೆಗೆದು ತಯಾರಿಸಿದ್ದು. ಬೆಲೆ ವಿಪರೀತ. ಮಾಂಸಾಹಾರ ಮುಟ್ಟದವರು, ಧಾರ್ಮಿಕ ಕಾರಣಕ್ಕೆ ಬೇಡವೆನ್ನುವವರು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬಲೆಯ ಕಣ್ಣು ಮತ್ತು ತೂಕ

ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ಬಲೆ ಒಣಗಿಸುವುದನ್ನು ನೋಡಿರುತ್ತೀರಿ. ಬಲೆಯ ಕಣ್ಣು ಎಷ್ಟು ದೊಡ್ಡದು ಎಂಬುದರ ಮೇಲೆ ಯಾವ ಮೀನು ಸಿಗುತ್ತದೆ, ಯಾವುದು ತೂರಿ ಹೋಗುತ್ತದೆ ಎಂಬುದು ನಿಂತಿದೆ. ಹರ್ನಿಯಾ ಜಾಲರಿಯಲ್ಲೂ ಕಣ್ಣಿನ ಅಳತೆ ಮುಖ್ಯ. ರೋಗಾಣುವಿನ ಗಾತ್ರ ಸುಮಾರು 1 ಮೈಕ್ರಾನ್. ಅದನ್ನು ನುಂಗುವ ನಮ್ಮ ರಕ್ಷಕ ಕೋಶಗಳು 10 ಮೈಕ್ರಾನಿಗಿಂತ ಚಿಕ್ಕ ಕಣ್ಣಿನೊಳಗೆ ನುಸುಳಲಾರವು. ಕಣ್ಣು ತೀರಾ ಚಿಕ್ಕದಾದರೆ ಕಳ್ಳ ಒಳಗೆ, ಪೊಲೀಸ್ ಹೊರಗೆ! ಅದಕ್ಕೇ 75 ಮೈಕ್ರಾನಿಗಿಂತ ದೊಡ್ಡ ಕಣ್ಣಿನ, ಒಂಟಿ ಎಳೆಯ ಜಾಲರಿಗೆ ಸೋಂಕು ತಗುಲಿದರೂ ಎಷ್ಟೋ ಸಲ ಔಷಧದಿಂದ ಉಳಿಸಿಕೊಳ್ಳಬಹುದು.

ತೂಕವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. 80 ಗ್ರಾಂಗಿಂತ ಹೆಚ್ಚಿದ್ದರೆ ಭಾರದ್ದು, 50ಕ್ಕಿಂತ ಕಡಿಮೆಯಿದ್ದರೆ ಹಗುರದ್ದು, ನಡುವಿನದು ಮಧ್ಯಮ ಎಂಬುದು ರೂಢಿಯ ಲೆಕ್ಕ. ಹಗುರದ್ದರಲ್ಲಿ ಪ್ಲಾಸ್ಟಿಕ್ ಕಡಿಮೆ, ಕಣ್ಣು ದೊಡ್ಡದು, ಆದ್ದರಿಂದ ಹೊಟ್ಟೆ ಬಿಗಿದಂತೆ ಅನಿಸುವುದು, ನೋವು ಕಡಿಮೆಯಾಗಬೇಕು ಎಂಬ ವಾದ ಬಂತು. ಅದಕ್ಕೆ ಹೆಚ್ಚು ಬೆಲೆಯೂ ಬಂತು. ಪರೀಕ್ಷೆ ಏನು ಹೇಳಿತು? 2005ರಲ್ಲಿ ಯುರೋಪಿನಲ್ಲಿ 165 ರೋಗಿಗಳ ಅಧ್ಯಯನ ಪ್ರಕಟವಾಯಿತು. 2 ವರ್ಷದಲ್ಲಿ ಹಗುರ ಜಾಲರಿಯವರಲ್ಲಿ ಶೇ. 17, ಸಾಧಾರಣ ಜಾಲರಿಯವರಲ್ಲಿ ಶೇ. 7 ಮಂದಿಗೆ ಹರ್ನಿಯಾ ಮರಳಿತ್ತು. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಕೊನೆಯ ತೀರ್ಪು ಎನ್ನಲಾಗದು. ಆದರೆ 2021ರಲ್ಲಿ ಅಮೆರಿಕದಲ್ಲಿ 350 ರೋಗಿಗಳಲ್ಲಿ ಭಾರದ್ದು ಮತ್ತು ಮಧ್ಯಮ ತೂಕದ್ದನ್ನು ಹೋಲಿಸಿದಾಗಲೂ ಒಂದು ವರ್ಷದ ನಂತರ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ "ಹಗುರದ್ದು, ಲೇಟೆಸ್ಟ್" ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯ

ಜಾಲರಿಯನ್ನು ನಾಲ್ಕು ಜಾಗದಲ್ಲಿ ಇಡಬಹುದು. ಸ್ನಾಯುವಿನ ಮೇಲೆ, ಚರ್ಮದ ಕೆಳಗೆ ಇಟ್ಟರೆ ಆನ್‌ಲೇ. ಮಾಡಲು ಸುಲಭ, ಆದರೆ ಚರ್ಮವನ್ನು ಅಗಲಕ್ಕೆ ಬಿಡಿಸಬೇಕಾದ್ದರಿಂದ ನೀರು ತುಂಬುವುದು, ಸೋಂಕು ಹೆಚ್ಚು. ತೂತಿನ ಅಂಚಿಗೆ ಅಂಚು ಸೇರಿಸಿ ಹೊಲಿದರೆ ಇನ್‌ಲೇ. ಇದರ ಫಲಿತಾಂಶ ಒಳ್ಳೆಯದಲ್ಲ, ಈಗ ಸಾಧ್ಯವಾದಷ್ಟು ದೂರವಿಡುತ್ತಾರೆ. ಸ್ನಾಯುವಿನ ಹಿಂದೆ, ಕರುಳಿನ ಪೊರೆಗಿಂತ ಮುಂದೆ ಇಟ್ಟರೆ ಸಬ್‌ಲೇ. ಫ್ರಾನ್ಸಿನ ರೀವ್ ಮತ್ತು ಸ್ತೊಪಾ ಎಂಬ ಸರ್ಜನ್‌ಗಳ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನ ಇದು. ನಾಲ್ಕನೆಯದು ಹೊಟ್ಟೆಯ ಒಳಗೇ, ಕರುಳಿನ ಎದುರಿಗೆ ಇಡುವುದು. ಲ್ಯಾಪರೊಸ್ಕೋಪಿಯಲ್ಲಿ ಬಹಳ ಕಾಲದಿಂದ ಮಾಡುತ್ತಾ ಬಂದಿರುವುದು ಇದೇ.

ಸಬ್‌ಲೇ ಯಾಕೆ ಒಳ್ಳೆಯದು? ನೀರಿನ ತೊಟ್ಟಿಗೆ ಹೊರಗಿನಿಂದ ತೇಪೆ ಹಾಕಿದರೆ ನೀರು ಅದನ್ನು ದೂಡುತ್ತದೆ, ಒಳಗಿನಿಂದ ಹಾಕಿದರೆ ಅದೇ ನೀರು ಗೋಡೆಗೆ ಒತ್ತಿ ಹಿಡಿಯುತ್ತದೆ. ಇಲ್ಲೂ ಹಾಗೇ. ಜೊತೆಗೆ ರಕ್ತ ಸಂಚಾರ ಚೆನ್ನಾಗಿರುವ ಸ್ನಾಯು ಮೇಲಿರುವುದರಿಂದ ಬೇಗ ಬೆಸೆಯುತ್ತದೆ, ಕರುಳಿಗೂ ತಾಗುವುದಿಲ್ಲ.

ಈಗ ಕೌಂಟರಿನ ಲೆಕ್ಕಕ್ಕೆ ಬನ್ನಿ. ಸಬ್‌ಲೇ ಮಾಡುತ್ತಾರೆಂದರೆ ಜಾಲರಿ ಕರುಳಿಗೆ ತಾಗುವುದಿಲ್ಲ, ಕೆಲವು ಸಾವಿರ ರೂಪಾಯಿಯ ಸಾಧಾರಣ ಪಾಲಿಪ್ರೊಪಿಲೀನ್ ಸಾಕು. ಹತ್ತಾರು ಸಾವಿರದ ಡಬಲ್ ಲೇಯರ್ ಅಲ್ಲಿ ವ್ಯರ್ಥ. ಅದೇ ಹೊಟ್ಟೆಯೊಳಗೆ ಕರುಳಿನ ಎದುರು ಇಡುವುದಾದರೆ ಲೇಪವಿಲ್ಲದ ಅಗ್ಗದ ಜಾಲರಿ ತಪ್ಪು ಉಳಿತಾಯ. ಅಲ್ಲಿ ಕಾಂಪೋಸಿಟ್ಟಿಗೆ ಕೊಟ್ಟ ಹಣಕ್ಕೆ ಅರ್ಥವಿದೆ. ಎರಡು ಕಡೆಯೂ ಜಾಲರಿ ತೂತಿನ ಅಂಚನ್ನು ದಾಟಿ ಸುತ್ತಲೂ ಸುಮಾರು 5 ಸೆಂ.ಮೀ. ಹರಡಿರಬೇಕು. ದೇಹದೊಳಗೆ ಜಾಲರಿ ಸ್ವಲ್ಪ ಕುಗ್ಗುತ್ತದೆ, ತೀರಾ ಲೆಕ್ಕ ಹಾಕಿ ಕತ್ತರಿಸಿದರೆ ಅಂಚಿನಲ್ಲೇ ಮತ್ತೆ ಹರ್ನಿಯಾ ಬರುತ್ತದೆ.

ಹೊಸದು, ದುಬಾರಿಯದು: ಎರಡು ಪಾಠ

2016ರ ಮೇ ತಿಂಗಳಲ್ಲಿ ಎಥಿಕಾನ್ ಕಂಪೆನಿ ಫಿಸಿಯೊಮೆಶ್ ಎಂಬ ತನ್ನ ಹಗುರ ಕಾಂಪೋಸಿಟ್ ಜಾಲರಿಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಜರ್ಮನಿ ಮತ್ತು ಡೆನ್ಮಾರ್ಕಿನಲ್ಲಿ ಹರ್ನಿಯಾ ಆಪರೇಷನ್‌ಗಳ ದಾಖಲೆ ಪುಸ್ತಕವೇ ಇದೆ. ಯಾರಿಗೆ ಯಾವ ಜಾಲರಿ, ಆಮೇಲೆ ಏನಾಯಿತು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಈ ಜಾಲರಿ ಹಾಕಿಸಿಕೊಂಡವರಿಗೆ ಇತರರಿಗಿಂತ ಹೆಚ್ಚು ಸಲ ಹರ್ನಿಯಾ ಮರಳುತ್ತಿದೆ ಎಂದು ಅಲ್ಲಿನ ಲೆಕ್ಕದಿಂದಲೇ ಗೊತ್ತಾಯಿತು. ನಿಮಗೆ ಹಾಕಿದ ಜಾಲರಿಯ ಹೆಸರೇ ನಿಮಗೆ ಗೊತ್ತಿಲ್ಲದಿದ್ದರೆ ನಾಳೆ ಇಂಥ ಸುದ್ದಿ ಬಂದಾಗ ಏನು ಮಾಡುತ್ತೀರಿ?

ಎರಡನೆಯದು ಜೈವಿಕ ಜಾಲರಿಯದು. ಗಾಯದಲ್ಲಿ ಕೊಳೆ, ಕರುಳಿನ ದ್ರವ ಸೋಕಿದ್ದರೆ ಪ್ಲಾಸ್ಟಿಕ್ ಜಾಲರಿ ಕೂಡದು, ಜೈವಿಕವೇ ಆಗಬೇಕು ಎಂದು ಬಹಳ ವರ್ಷ ನಂಬಲಾಗಿತ್ತು. 2022ರಲ್ಲಿ ಅಮೆರಿಕದ 253 ರೋಗಿಗಳ ಅಧ್ಯಯನ ಬಂತು. 2 ವರ್ಷದಲ್ಲಿ ಹರ್ನಿಯಾ ಮರಳಿದ್ದು ಜೈವಿಕ ಜಾಲರಿಯವರಲ್ಲಿ ಶೇ. 20.5, ಸಾಧಾರಣ ಪಾಲಿಪ್ರೊಪಿಲೀನ್‌ನವರಲ್ಲಿ ಶೇ. 5.6. ಸೋಂಕಿನ ವಿಷಯದಲ್ಲಿ ಜೈವಿಕದ್ದು ಮೇಲು ಎಂದು ಕಾಣಲಿಲ್ಲ. ಬೆಲೆ? ಒಂದು 21,539 ಡಾಲರ್, ಇನ್ನೊಂದು 105 ಡಾಲರ್!

ಸೊಳ್ಳೆ ಪರದೆಯ ಕಥೆ

ಅಗ್ಗದ ಜಾಲರಿಯ ಮಾತು ಬಂದಾಗ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಊರಿನ ಸರ್ಜನ್ ಡಾ. ರವೀಂದ್ರನಾಥ ತೊಂಗಾಂವ್ಕರ್ ಅವರನ್ನು ಮರೆಯುವಂತಿಲ್ಲ. ಹಳ್ಳಿಯ ರೋಗಿಗಳಿಗೆ ಕಂಪೆನಿಯ ಜಾಲರಿ ಎಟುಕುತ್ತಿರಲಿಲ್ಲ. ಅವರು ಸೊಳ್ಳೆ ಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಹರ್ನಿಯಾಕ್ಕೆ ಬಳಸಿದರು. ಇಲ್ಲಿ ತೆಲುಗಿನಲ್ಲಿ "ದೋಮತೆರ" ಎನ್ನುತ್ತಾರಲ್ಲ, ಅದೇ. 2003ರಲ್ಲಿ ಅವರು ಮತ್ತು ಸಂಗಡಿಗ ಸರ್ಜನ್‌ಗಳು ಬೇರೆ ಬೇರೆ ಊರುಗಳ ಅನುಭವವನ್ನು ಸೇರಿಸಿ ಪ್ರಕಟಿಸಿದರು. ಮುಂದೆ ಉಗಾಂಡದಲ್ಲಿ 302 ಗಂಡಸರ ತೊಡೆಸಂದಿನ ಹರ್ನಿಯಾಕ್ಕೆ ಇಂಥ ಅಗ್ಗದ ಜಾಲರಿಯನ್ನೂ ಕಂಪೆನಿಯದನ್ನೂ ಹೋಲಿಸಿ ನೋಡಿದರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ವರ್ಷದ ಕೊನೆಗೆ ಎರಡರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಇದು ತೊಡೆಸಂದಿನ ಹರ್ನಿಯಾದ ಮಾತು. ಹಳೇ ಹೊಲಿಗೆಯ ದೊಡ್ಡ ಹರ್ನಿಯಾಕ್ಕೆ ಇದನ್ನೇ ನೇರವಾಗಿ ಅನ್ವಯಿಸಿ ಆಸ್ಪತ್ರೆಯಲ್ಲಿ ಜಗಳವಾಡಬೇಡಿ. ಇಂದು ಬೆಂಗಳೂರಿನ ಕಂಪೆನಿಗಳೂ ಸೇರಿದಂತೆ ನಮ್ಮ ದೇಶದಲ್ಲೇ ಜಾಲರಿ ತಯಾರಾಗುತ್ತಿರುವುದರಿಂದ ಆಯ್ಕೆ ಹೆಚ್ಚಿದೆ.

ಜಾಲರಿಗೂ ತೊಂದರೆ ಇದೆ

ಡೆನ್ಮಾರ್ಕಿನ 3,242 ರೋಗಿಗಳ ಲೆಕ್ಕ 2016ರಲ್ಲಿ ಪ್ರಕಟವಾಯಿತು. 5 ವರ್ಷದಲ್ಲಿ ಹರ್ನಿಯಾ ಮರಳಿ ಮತ್ತೆ ಆಪರೇಷನ್ ಆದವರು, ಜಾಲರಿ ಇಲ್ಲದವರಲ್ಲಿ ಶೇ. 17.1, ತೆರೆದ ಆಪರೇಷನ್ನಿನಲ್ಲಿ ಜಾಲರಿ ಹಾಕಿದವರಲ್ಲಿ ಶೇ. 12.3, ಲ್ಯಾಪರೊಸ್ಕೋಪಿಯಲ್ಲಿ ಹಾಕಿದವರಲ್ಲಿ ಶೇ. 10.6. ಆದರೆ ಜಾಲರಿಯಿಂದಲೇ ಆದ ಗಂಭೀರ ತೊಂದರೆ ತೆರೆದ ಆಪರೇಷನ್ನಿನವರಲ್ಲಿ ಶೇ. 5.6, ಲ್ಯಾಪರೊಸ್ಕೋಪಿಯವರಲ್ಲಿ ಶೇ. 3.7. ಅಂದರೆ ಲಾಭದ ಒಂದು ಪಾಲನ್ನು ಈ ತೊಂದರೆಗಳು ತಿಂದುಹಾಕುತ್ತವೆ. ಅದಕ್ಕೇ ನೋವಿಲ್ಲದ ಚಿಕ್ಕ ಉಬ್ಬು ಇರುವ ವಯಸ್ಸಾದವರಿಗೆ ಕೆಲವು ವೈದ್ಯರು "ಸದ್ಯಕ್ಕೆ ನೋಡೋಣ" ಎನ್ನುತ್ತಾರೆ. ಅದು ಉದಾಸೀನವಲ್ಲ. ಇನ್ನೊಂದು ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೂ ಸಾಮಾನ್ಯವಾಗಿ ಹೆರಿಗೆಯ ನಂತರ ಮಾಡಿಸಿಕೊಳ್ಳಲು ಹೇಳುತ್ತಾರೆ.

ಇಲ್ಲಿ ಇರುವ ನಾವು ಏನು ಮಾಡಬೇಕು?

ದೊಡ್ಡ ಸರ್ಕಾರಿ ಆಸ್ಪತ್ರೆ ವಿಶಾಖಪಟ್ಟಣದಲ್ಲಿ 1923ರಿಂದ ಇರುವ ಕಿಂಗ್ ಜಾರ್ಜ್ ಆಸ್ಪತ್ರೆ, ಎಲ್ಲರ ಬಾಯಲ್ಲಿ ಕೆಜಿಎಚ್. ವಿಜಯವಾಡದಲ್ಲಿ ಸಿದ್ಧಾರ್ಥ ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಜನರಲ್ ಆಸ್ಪತ್ರೆ. ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದ್ದರಿಂದ ಸರ್ಜರಿ ವಿಭಾಗ ಇರುತ್ತದೆ. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ ಈಗ ಡಾ. ಎನ್‌ಟಿಆರ್ ವೈದ್ಯ ಸೇವೆ ಎಂದು ಹೆಸರಾಗಿರುವ ರಾಜ್ಯದ ಯೋಜನೆ ಇದೆ. ನಿಮ್ಮ ಕಾರ್ಡು ಈ ಯೋಜನೆಗೆ ಬರುತ್ತದೆಯೇ, ಬಂದರೆ ಜಾಲರಿಯ ಖರ್ಚೂ ಸೇರಿದೆಯೇ ಎಂದು ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಿ. ಕರ್ನಾಟಕದ ಆಯುಷ್ಮಾನ್ ಕಾರ್ಡು ಮಾತ್ರ ಇರುವವರೂ ಅಲ್ಲೇ ವಿಚಾರಿಸಿ. ಖಾಸಗಿ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ಹರ್ನಿಯಾಕ್ಕೆ 2 ವರ್ಷ ಕಾಯಬೇಕೆಂಬ ಷರತ್ತು ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ.

ಸರ್ಜನ್ ಮುಂದೆ ಕುಳಿತಾಗ ಈ ಆರು ಪ್ರಶ್ನೆ ಕೇಳಿ. ಭಾಷೆ ತೊಡಕಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ತೆಲುಗಿನಲ್ಲಿ ಹೊಲಿಗೆಗೆ "ಕುಟ್ಲು" ಎನ್ನುತ್ತಾರೆ, ಮೆಶ್ ಎಲ್ಲ ಭಾಷೆಯಲ್ಲೂ ಮೆಶ್ಶೇ.

1. ನನ್ನ ಹರ್ನಿಯಾದ ತೂತು ಎಷ್ಟು ಸೆಂ.ಮೀ.? ಈಗಲೇ ಆಪರೇಷನ್ ಬೇಕೇ?
2. ಜಾಲರಿಯನ್ನು ಯಾವ ಪದರದಲ್ಲಿ ಇಡುತ್ತೀರಿ?
3. ಅದು ಕರುಳಿಗೆ ತಾಗುತ್ತದೆಯೇ? ತಾಗುವುದಾದರೆ ಆ ಮುಖಕ್ಕೆ ಲೇಪ ಇದೆಯೇ?
4. ದುಬಾರಿ ಜಾಲರಿ ಎಂದರೆ ನನ್ನ ಹೊಟ್ಟೆಗೆ ಅದರಿಂದ ಏನು ಪ್ರಯೋಜನ?
5. ಇಂಥ ಆಪರೇಷನ್‌ಗಳನ್ನು ನೀವು ಎಷ್ಟು ಮಾಡಿದ್ದೀರಿ?
6. ಜಾಲರಿಯ ಪೊಟ್ಟಣದ ಸ್ಟಿಕ್ಕರ್ ನನ್ನ ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿ ಕೊಡುತ್ತೀರಾ?

ಕೊನೆಯದನ್ನು ಮರೆಯಬೇಡಿ. ಕಂಪೆನಿಯ ಹೆಸರು, ಬ್ಯಾಚ್ ನಂಬರ್ ಆ ಸ್ಟಿಕ್ಕರಿನಲ್ಲಿ ಇರುತ್ತದೆ. ಮನೆಯಲ್ಲಿ ಫೈಲಿನೊಳಗೆ ಇಡಿ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಮುಂದೆ ಬೇರೆ ಯಾವುದೇ ಕಾರಣಕ್ಕೆ ಹೊಟ್ಟೆಯ ಆಪರೇಷನ್ ಆಗುವುದಿದ್ದರೂ ಆ ಸರ್ಜನ್ನಿಗೆ ಇದನ್ನು ತೋರಿಸಬೇಕು.

ಜಾಲರಿಗೆ ಖರ್ಚಿಲ್ಲದೆ ಬಲ ತುಂಬುವ ಕೆಲಸಗಳೂ ಇವೆ. ಆಪರೇಷನ್ನಿಗೆ ಕನಿಷ್ಠ 4 ವಾರ ಮೊದಲೇ ಬೀಡಿ ಸಿಗರೇಟು ಬಿಡಿ. ಸಕ್ಕರೆ ಹತೋಟಿಗೆ ತನ್ನಿ. ತೂಕ ಇಳಿಸಿ. ಹಳೇ ಕೆಮ್ಮು, ಮಲಬದ್ಧತೆ, ಗಂಡಸರಲ್ಲಿ ಪ್ರಾಸ್ಟೇಟಿನಿಂದ ಮೂತ್ರಕ್ಕೆ ಮುಕ್ಕುವುದು, ಇವಕ್ಕೆ ಮೊದಲು ಔಷಧ ಮಾಡಿಸಿ. ಇವನ್ನು ಹಾಗೇ ಬಿಟ್ಟು ಎಂಥ ಜಾಲರಿ ಹಾಕಿಸಿದರೂ ಪ್ರತಿ ಕೆಮ್ಮೂ ಅದನ್ನು ಜಗ್ಗುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ. ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಜೋರು ನೋವು ಬಂದರೆ, ಚರ್ಮ ಕೆಂಪಾದರೆ, ವಾಂತಿಯಾಗುತ್ತಾ ಗಾಳಿ ಮಲ ಎರಡೂ ನಿಂತರೆ ಕರುಳು ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಿರಿ. ಒತ್ತಿ ಒಳಗೆ ತಳ್ಳಲು ಹೋಗಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ನಮ್ಮೂರಿನ ಹಾಗೆ ಇಲ್ಲೂ ಆಂಬುಲೆನ್ಸಿಗೆ 108. ಆ ಹೊತ್ತಿನಲ್ಲಿ ಯಾವ ಜಾಲರಿ ಎಂಬ ಚರ್ಚೆ ಬೇಡ, ಗಂಟೆಗಳ ಲೆಕ್ಕದಲ್ಲಿ ಕರುಳು ಉಳಿಸಿಕೊಳ್ಳುವುದೇ ಕೆಲಸ.

ಮನೆಯಲ್ಲಿ ಹಿರಿಯರು ಯಾರಾದರೂ ಹಳೇ ಆಪರೇಷನ್ನಿನ ಉಬ್ಬನ್ನು ಸೀರೆ, ಪಂಚೆಯೊಳಗೆ ಮುಚ್ಚಿಟ್ಟುಕೊಂಡು ಸುಮ್ಮನಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ. ಆರು ಪ್ರಶ್ನೆಗಳ ಚೀಟಿ ಮಾಡಿ ಜೊತೆಗೆ ಕರೆದುಕೊಂಡು ಹೋಗಿ.